ಹಳೆ ಚಿಪ್ ಕೊಟ್ಟ ಉತ್ತರವೇ ಸರಿ: ಎಮ್ಯುಲೇಟರ್‌ನ ಲೆಕ್ಕವನ್ನು ಅಸಲಿ ಪ್ರೊಸೆಸರ್ ಎದುರು ಒರೆಗೆ ಹಚ್ಚುವುದು ಹೇಗೆ?

ಮಾರಿಯೋ ಕಾರ್ಟ್ ವೀ ಆಟದಲ್ಲಿ ‘ಘೋಸ್ಟ್’ ಅಂತ ಒಂದು ಸೌಲಭ್ಯ ಇದೆ. ನೀವು ಒಮ್ಮೆ ಓಡಿಸಿದ ರೇಸನ್ನು ಆಟ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಟ್ರ್ಯಾಕಿಗೆ ಬಂದಾಗ ನಿಮ್ಮ ಹಳೆ ಓಟ ಒಂದು ಪಾರದರ್ಶಕ ಗಾಡಿಯಾಗಿ ನಿಮ್ಮ ಪಕ್ಕದಲ್ಲೇ ಓಡುತ್ತದೆ. ಗಾಡಿ ಎಲ್ಲೆಲ್ಲಿ ಇತ್ತು ಅನ್ನುವುದನ್ನು ಆಟ ಬರೆದಿಟ್ಟಿರುವುದಿಲ್ಲ. ಯಾವ ಕ್ಷಣದಲ್ಲಿ ಯಾವ ಬಟನ್ ಒತ್ತಿದಿರಿ ಅನ್ನುವುದಷ್ಟೇ ಅದರ ಹತ್ತಿರ ಇರುತ್ತದೆ. ಗಾಡಿಯ ಜಾಗವನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಬೇಕು.

ಈ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸಲು ಡಾಲ್ಫಿನ್ ಎಂಬ ಎಮ್ಯುಲೇಟರ್ ಇದೆ. ಎಮ್ಯುಲೇಟರ್ ಅಂದರೆ ಹಳೆಯ ಯಂತ್ರದ ಥರವೇ ನಡೆದುಕೊಳ್ಳುವ ಪ್ರೋಗ್ರಾಂ. ಡಾಲ್ಫಿನ್‌ನ ಹಳೆಯ ಆವೃತ್ತಿಗಳಲ್ಲಿ ಒಂದು ತೊಂದರೆ ಇತ್ತು. ಅಸಲಿ ವೀ ಯಂತ್ರದಲ್ಲಿ (ನಿಂಟೆಂಡೊ ಕಂಪನಿಯ ಆಟದ ಯಂತ್ರ) ದಾಖಲಾದ ಘೋಸ್ಟ್ ಇಲ್ಲಿ ಶುರುವಿನಲ್ಲಿ ಸರಿಯಾಗಿಯೇ ಓಡುತ್ತಿತ್ತು, ಆಮೇಲೆ ದಾರಿ ತಪ್ಪುತ್ತಿತ್ತು. ಒತ್ತಿದ ಬಟನ್‌ಗಳು ಅವೇ, ಆಟವೂ ಅದೇ. ಆದರೆ ಲೆಕ್ಕದ ಕೊನೆಯ ಒಂದು ಬಿಟ್ (ಕಂಪ್ಯೂಟರಿನ 0 ಅಥವಾ 1 ಅನ್ನುವ ಅಂಕಿ) ಮಾತ್ರ ಬೇರೆ. ಆ ಒಂದು ಬಿಟ್‌ನ ವ್ಯತ್ಯಾಸ ಮುಂದಿನ ಲೆಕ್ಕಕ್ಕೆ ಹೋಗುತ್ತದೆ, ಅಲ್ಲಿಂದ ಅದರ ಮುಂದಿನದಕ್ಕೆ. ಕೊನೆಗೆ ಗಾಡಿ ತಿರುವು ಬಿಟ್ಟು ಬೇರೆ ಕಡೆ ನುಗ್ಗುತ್ತದೆ.

ಹಳೆಯ ಆಟ, ಹಳೆಯ ಸಾಫ್ಟ್‌ವೇರ್, ದಶಕಗಳ ಹಿಂದೆ ನಡೆಸಿದ ವೈಜ್ಞಾನಿಕ ಲೆಕ್ಕಾಚಾರ, ಇವೆಲ್ಲ ಇಂದು ಉಳಿದಿರುವುದು ಬಹುಮಟ್ಟಿಗೆ ಎಮ್ಯುಲೇಟರ್‌ಗಳ ಒಳಗೆ. ಅಸಲಿ ಯಂತ್ರಗಳು ಒಂದೊಂದಾಗಿ ಕೆಡುತ್ತಿವೆ. ಹಾಗಾಗಿ ಎಮ್ಯುಲೇಟರ್‌ನ ಲೆಕ್ಕ ನಂಬಿಕೆಗೆ ಯೋಗ್ಯವೋ ಅಲ್ಲವೋ ಅನ್ನುವ ಪ್ರಶ್ನೆ ಈಗ ಎಂಜಿನಿಯರ್‌ಗಳದ್ದು ಮಾತ್ರ ಅಲ್ಲ. ಇಲ್ಲಿ ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಎಮ್ಯುಲೇಟರ್ ಗಣಿತದ ಪ್ರಕಾರ ಸರಿಯಾದ ಉತ್ತರ ಕೊಟ್ಟರೆ ಸಾಲದು. ಹಳೆಯ ಚಿಪ್ ಕೊಡುತ್ತಿದ್ದ ಉತ್ತರವನ್ನೇ ಕೊಡಬೇಕು, ಅದು ತಪ್ಪು ಉತ್ತರವಾಗಿದ್ದರೂ ಸರಿ.

## ಫ್ಲೋಟಿಂಗ್ ಪಾಯಿಂಟ್ ಅಂದರೇನು?

ಕಂಪ್ಯೂಟರಿಗೆ ಪೂರ್ಣಸಂಖ್ಯೆ ಸುಲಭ. 3.14 ಅಥವಾ 0.000002 ಥರದ ಸಂಖ್ಯೆಗಳನ್ನು ಇಟ್ಟುಕೊಳ್ಳುವುದು ಅಷ್ಟು ಸುಲಭ ಅಲ್ಲ. ಇದಕ್ಕೆ ಬಳಸುವ ವಿಧಾನವೇ ಫ್ಲೋಟಿಂಗ್ ಪಾಯಿಂಟ್. ಸಂಖ್ಯೆಯನ್ನು ಮೂರು ತುಂಡು ಮಾಡಿ ಇಡುತ್ತಾರೆ. ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಹೇಳುತ್ತದೆ. ಕೆಲವು ಬಿಟ್‌ಗಳು ಸಂಖ್ಯೆಯ ಅಂಕಿಗಳನ್ನು ಇಟ್ಟುಕೊಳ್ಳುತ್ತವೆ. ಉಳಿದವು ಘಾತವನ್ನು, ಅಂದರೆ ಬಿಂದು ಎಲ್ಲಿ ಕೂರಬೇಕು ಅನ್ನುವುದನ್ನು ಹೇಳುತ್ತವೆ.

ಒಂದು ಅಳತೆಪಟ್ಟಿಯನ್ನು ಊಹಿಸಿಕೊಳ್ಳಿ. ಸೊನ್ನೆಯ ಹತ್ತಿರ ಅದರ ಗೆರೆಗಳು ಒತ್ತೊತ್ತಾಗಿವೆ. ದೂರ ಹೋದಂತೆ ಗೆರೆಗಳ ನಡುವಿನ ಅಂತರ ದುಪ್ಪಟ್ಟು, ಮತ್ತೆ ದುಪ್ಪಟ್ಟು ಆಗುತ್ತದೆ. ಕಂಪ್ಯೂಟರಿಗೆ ಈ ಗೆರೆಗಳ ಮೇಲಿನ ಸಂಖ್ಯೆಗಳು ಮಾತ್ರ ಗೊತ್ತು. ಉತ್ತರ ಎರಡು ಗೆರೆಗಳ ಮಧ್ಯೆ ಬಿದ್ದರೆ ಯಾವುದಾದರೂ ಒಂದು ಗೆರೆಗೆ ಅದನ್ನು ಸರಿಸಲೇಬೇಕು. ಇದನ್ನೇ ರೌಂಡ್ ಮಾಡುವುದು ಅನ್ನುತ್ತೇವೆ. 0.1 ಅನ್ನುವ ಸಂಖ್ಯೆಗೆ ಈ ಪಟ್ಟಿಯಲ್ಲಿ ಗೆರೆಯೇ ಇಲ್ಲ. ಅದಕ್ಕೇ ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಅಂತ ಬರುವುದು.

ಹತ್ತಿರದ ಗೆರೆಗೆ ಸರಿಸಬೇಕೋ, ಯಾವಾಗಲೂ ಸೊನ್ನೆಯ ಕಡೆಗೋ, ಮೇಲಕ್ಕೋ, ಕೆಳಕ್ಕೋ? ಸರಿಯಾಗಿ ಮಧ್ಯದಲ್ಲಿ ಬಿದ್ದರೆ ಯಾವ ಕಡೆಗೆ? ಸೊನ್ನೆಯಿಂದ ಭಾಗಿಸಿದರೆ ಏನು ಕೊಡಬೇಕು? ಉತ್ತರ ಪಟ್ಟಿಯ ತುದಿಯನ್ನೇ ದಾಟಿಹೋದರೆ? ಒಂದೊಂದು ಪ್ರಶ್ನೆಗೂ ಒಂದಕ್ಕಿಂತ ಜಾಸ್ತಿ ಒಪ್ಪುವಂಥ ಉತ್ತರಗಳಿವೆ. ಒಂದೊಂದು ಚಿಪ್ ಒಂದೊಂದನ್ನು ಆರಿಸಿಕೊಂಡಿತು.

## ಎಲ್ಲ ಚಿಪ್‌ಗಳೂ ಒಂದೇ ಉತ್ತರ ಕೊಡುವುದಿಲ್ಲವೇಕೆ?

1964ರಲ್ಲಿ ಬಂದ ಐಬಿಎಂ ಸಿಸ್ಟಂ/360 ಫ್ಲೋಟಿಂಗ್ ಪಾಯಿಂಟ್ ಲೆಕ್ಕವನ್ನು 16ರ ಆಧಾರದಲ್ಲಿ ಮಾಡುತ್ತಿತ್ತು. ಡಿಇಸಿ ಕಂಪನಿಯ ವ್ಯಾಕ್ಸ್ ಯಂತ್ರಗಳಲ್ಲಿ ‘ಅನಂತ’ ಅನ್ನುವ ಬೆಲೆಯೇ ಇರಲಿಲ್ಲ. 1976ರ ಕ್ರೇ-1ರಲ್ಲಿ ನೇರವಾಗಿ ಭಾಗಿಸುವ ಆಜ್ಞೆ ಇರಲಿಲ್ಲ. ಮೊದಲು 1/x ಎಷ್ಟು ಅಂತ ಅಂದಾಜು ತೆಗೆದು, ಅದನ್ನು ತಿದ್ದಿ, ಆಮೇಲೆ ಗುಣಿಸಬೇಕಿತ್ತು. ಒಂದು ಯಂತ್ರದಲ್ಲಿ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಬೇರೆ ಉತ್ತರ ಕೊಡುವುದು ಆಗ ಮಾಮೂಲು.

ಇಂಟೆಲ್ 1980ರಲ್ಲಿ 8087 ಚಿಪ್ ತಂದಿತು. ಅದು 8086 ಮತ್ತು 8088 ಪ್ರೊಸೆಸರ್‌ಗಳ ಪಕ್ಕದಲ್ಲಿ ಕೂತು ಲೆಕ್ಕ ಮಾತ್ರ ಮಾಡುವ ಜೊತೆಗಾರ ಚಿಪ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಕಹಾನ್ ಅದಕ್ಕೆ ಸಲಹೆಗಾರರಾಗಿದ್ದರು. ಆ ಕೆಲಸದಿಂದ ಹುಟ್ಟಿದ ವಿಚಾರಗಳೇ ಮುಂದೆ ಫ್ಲೋಟಿಂಗ್ ಪಾಯಿಂಟ್ ಲೆಕ್ಕ ಹೇಗಿರಬೇಕು ಅಂತ ಹೇಳುವ ಐಇಇಇ 754 ಮಾನದಂಡಕ್ಕೆ ತಳಹದಿಯಾದವು. ಮಾನದಂಡ ಅಧಿಕೃತವಾಗಿ ಹೊರಬಂದದ್ದು 1985ರಲ್ಲಿ. ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಇವುಗಳಿಗೆ ಕೊನೆಯ ಬಿಟ್‌ವರೆಗೂ ಒಂದೇ ಉತ್ತರ ಬರಬೇಕು ಅಂತ ಅದು ಗಟ್ಟಿಮಾಡಿತು. ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಮಾನದಂಡ ಬಂದ ಮೇಲೆ ಎಲ್ಲ ಒಂದೇ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಮೊದಲನೆಯದಾಗಿ, 8087 ಮಾನದಂಡಕ್ಕಿಂತ ಐದು ವರ್ಷ ಹಿರಿಯದು. ಎರಡನೆಯದಾಗಿ, ಸೈನ್, ಟ್ಯಾಂಜೆಂಟ್, ಲಾಗರಿದಂ ಥರದವುಗಳಿಗೆ ಕೊನೆಯ ಬಿಟ್ ಏನಿರಬೇಕು ಅಂತ ಮಾನದಂಡ ಕಡ್ಡಾಯ ಮಾಡಿರಲಿಲ್ಲ. ಮೂರನೆಯದಾಗಿ, ಮಾನದಂಡವನ್ನು ಬೇಕಂತಲೇ ಪಕ್ಕಕ್ಕಿಟ್ಟ ಚಿಪ್‌ಗಳೂ ಇವೆ. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಅಂಥದ್ದು. ಅದರ ಲೆಕ್ಕದ ಘಟಕಕ್ಕೆ ಅನಂತವೂ ಗೊತ್ತಿಲ್ಲ, ‘ಇದು ಸಂಖ್ಯೆಯೇ ಅಲ್ಲ’ ಅನ್ನುವ ನ್ಯಾನ್ ಬೆಲೆಯೂ ಗೊತ್ತಿಲ್ಲ. ರೌಂಡ್ ಮಾಡುವುದು ಸೊನ್ನೆಯ ಕಡೆಗೆ ಮಾತ್ರ. ಸೊನ್ನೆಯಿಂದ ಭಾಗಿಸಿದರೆ ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯನ್ನು ಕೊಟ್ಟು ಮುಂದೆ ಹೋಗುತ್ತದೆ. ಅದೇ ಲೆಕ್ಕವನ್ನು ಇಂದಿನ ಕಂಪ್ಯೂಟರಿಗೆ ಸುಮ್ನೆ ವಹಿಸಿಬಿಟ್ಟರೆ ಅನಂತ ಬರುತ್ತದೆ. ಅನಂತದಿಂದ ಅನಂತ ಕಳೆದರೆ ನ್ಯಾನ್. ನ್ಯಾನ್ ಒಮ್ಮೆ ಹೊಕ್ಕರೆ ಮುಂದಿನ ಲೆಕ್ಕಗಳಿಗೆಲ್ಲ ಹರಡುತ್ತದೆ, ಪರದೆಯ ಮೇಲೆ ಇರಬೇಕಾದ ವಸ್ತು ಮಾಯವಾಗಬಹುದು.

## 80 ಬಿಟ್‌ಗಳ ಪೇಚು

ಎಮ್ಯುಲೇಟರ್ ಬರೆಯುವವರನ್ನು ಅತಿ ಹೆಚ್ಚು ಕಾಡಿದ್ದು 8087 ಮತ್ತು ಅದರ ವಂಶದ ಚಿಪ್‌ಗಳು. ಇವು ಲೆಕ್ಕ ಮಾಡುವುದು 80 ಬಿಟ್‌ಗಳಲ್ಲಿ: ಒಂದು ಚಿಹ್ನೆಗೆ, 15 ಘಾತಕ್ಕೆ, 64 ಅಂಕಿಗಳಿಗೆ. ಇಂದಿನ ಪ್ರೋಗ್ರಾಂಗಳು ಸಾಮಾನ್ಯವಾಗಿ ಬಳಸುವುದು 64 ಬಿಟ್‌ಗಳ ‘ಡಬಲ್’. ಅದರಲ್ಲಿ ಅಂಕಿಗಳಿಗೆ ಸಿಗುವುದು 53 ಬಿಟ್ ಮಾತ್ರ. ಎಮ್ಯುಲೇಟರ್ ವೇಗವಾಗಿ ಓಡಬೇಕು ಅಂತ 80 ಬಿಟ್‌ನ ಲೆಕ್ಕವನ್ನು ಡಬಲ್‌ನಲ್ಲೇ ಮುಗಿಸಿಬಿಡುವ ಆಸೆ ಸಹಜ. ಹಳೆಯ ಡಾಸ್ ಆಟಗಳನ್ನು ಓಡಿಸುವ ಡಾಸ್‌ಬಾಕ್ಸ್ ಕೂಡ ಕೆಲವು ಯಂತ್ರಗಳಲ್ಲಿ ಇದೇ ದಾರಿ ಹಿಡಿದಿತ್ತು. ಬಹಳಷ್ಟು ಆಟಗಳಿಗೆ ಅದು ಸಾಕು ಕೂಡ.

ಎಲ್ಲಿ ಸಾಲದು ಅನ್ನುವುದನ್ನು ಒಂದು ಸಂಖ್ಯೆ ಹಿಡಿದು ನೋಡೋಣ. 9007199254740992 ಅಂದರೆ 2ರ 53ನೇ ಘಾತ. ಇಲ್ಲಿಂದಾಚೆಗೆ ಡಬಲ್‌ನ ಗೆರೆಗಳ ನಡುವಿನ ಅಂತರ 2. ಅಂದರೆ 9007199254740993 ಅನ್ನುವ ಸಂಖ್ಯೆಗೆ ಡಬಲ್‌ನಲ್ಲಿ ಜಾಗವೇ ಇಲ್ಲ. ಅದನ್ನು ಒಳಗೆ ಹಾಕಿ ಹೊರಗೆ ತೆಗೆದರೆ ಕೊನೆಯ 3 ಹೋಗಿ 2 ಆಗಿ ಬರುತ್ತದೆ. 80 ಬಿಟ್‌ನಲ್ಲಿ ಅಂಕಿಗಳಿಗೆ 64 ಬಿಟ್ ಇರುವುದರಿಂದ ಅದೇ ಸಂಖ್ಯೆ ಹೋದ ಹಾಗೇ ಹೊರಬರುತ್ತದೆ.

ಇಷ್ಟು ದೊಡ್ಡ ಸಂಖ್ಯೆ ಆಟಗಳಿಗೆ ಯಾಕೆ ಬೇಕು ಅಂತ ಕೇಳಬಹುದು. ಸಂಖ್ಯೆಯಾಗಿ ಬೇಕಾಗಿಯೇ ಇರಲಿಲ್ಲ. ಪೆಂಟಿಯಂ ಕಾಲದಲ್ಲಿ ಕೆಲವು ಪ್ರೋಗ್ರಾಮರ್‌ಗಳು ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಎಂಟೆಂಟು ಬೈಟ್ ಸಾಗಿಸಲು ಈ ಲೆಕ್ಕದ ಘಟಕವನ್ನೇ ಬಳಸುತ್ತಿದ್ದರು. ಎಂಟು ಬೈಟ್‌ಗಳನ್ನು ಪೂರ್ಣಸಂಖ್ಯೆ ಅಂತ ಹೇಳಿ ಒಳಗೆ ಹಾಕುವುದು, ಹಾಗೇ ಬೇರೆ ಜಾಗದಲ್ಲಿ ಹೊರಗೆ ತೆಗೆಯುವುದು. ಅಸಲಿ ಚಿಪ್‌ನಲ್ಲಿ ಒಂದು ಬಿಟ್ಟೂ ಅಲುಗಾಡುವುದಿಲ್ಲ. ಡಬಲ್ ಬಳಸುವ ಎಮ್ಯುಲೇಟರ್‌ನಲ್ಲಿ ಕೆಳಗಿನ ಬಿಟ್‌ಗಳು ಕರಗಿಹೋಗುತ್ತವೆ. ಆ ಬೈಟ್‌ಗಳು ಚಿತ್ರದ ಬಣ್ಣಗಳಾಗಿದ್ದರೆ ಚಿತ್ರ ಹಾಳು, ಪ್ರೋಗ್ರಾಮಿನ ಕೋಡ್ ಆಗಿದ್ದರೆ ಪ್ರೋಗ್ರಾಮೇ ಹಾಳು. ಲೆಕ್ಕದ ನಿಖರತೆ ಅಂದರೆ ದಶಮಾಂಶದ ಹತ್ತನೆಯ ಸ್ಥಾನದ ಮಾತು ಅಂದುಕೊಂಡವರಿಗೆ ಈ ಉದಾಹರಣೆ ಕಣ್ಣು ತೆರೆಸುತ್ತದೆ.

80 ಬಿಟ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಂತಲೂ ಅಲ್ಲ. ಮೊಟೊರೋಲಾದ 68881 ಚಿಪ್ ಕೂಡ 80 ಬಿಟ್‌ಗಳ ಲೆಕ್ಕವನ್ನೇ ಮಾಡುತ್ತದೆ. ಆದರೆ ಘಾತದ ಬಿಟ್‌ಗಳೆಲ್ಲ ಸೊನ್ನೆ ಆಗಿರುವ ಅತಿ ಚಿಕ್ಕ ಸಂಖ್ಯೆಗಳನ್ನು ಅದು ಇಂಟೆಲ್ ಚಿಪ್‌ಗಿಂತ ಬೇರೆ ರೀತಿ ಓದುತ್ತದೆ. ಅವೇ ಬಿಟ್‌ಗಳು ಇಂಟೆಲ್‌ನಲ್ಲಿ ಎಷ್ಟೋ, ಇಲ್ಲಿ ಅದರ ಅರ್ಧ.

## ಅನಂತಕ್ಕೆ ಪ್ಲಸ್ ಮೈನಸ್ ಇದೆಯೇ?

ಒಂದೇ ಕಂಪನಿಯ, ಒಂದೇ ವಂಶದ ಚಿಪ್‌ಗಳೂ ಬೇರೆ ಬೇರೆ ಮಾತಾಡುತ್ತವೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು.

1ನ್ನು ಸೊನ್ನೆಯಿಂದ ಭಾಗಿಸಿ. ಅನಂತ ಬರುತ್ತದೆ. ಅದರ ಒಂದು ಪ್ರತಿ ತೆಗೆದು ಮೈನಸ್ ಮಾಡಿ. ಈಗ ಎರಡನ್ನೂ ಹೋಲಿಸಿ: ಪ್ಲಸ್ ಅನಂತವೂ ಮೈನಸ್ ಅನಂತವೂ ಒಂದೆಯೇ? 8087 ಮತ್ತು 80287 ಚಿಪ್‌ಗಳು ಶುರುವಿನ ಸ್ಥಿತಿಯಲ್ಲಿ ‘ಹೌದು, ಒಂದೇ’ ಅನ್ನುತ್ತವೆ. ಅವುಗಳ ಪ್ರಕಾರ ಸಂಖ್ಯೆಗಳ ಸಾಲು ಎರಡೂ ತುದಿಯಲ್ಲಿ ಒಂದೇ ಬಿಂದುವಿಗೆ ಬಂದು ಸೇರುತ್ತದೆ. 80387 ಬರುವ ಹೊತ್ತಿಗೆ ಮಾನದಂಡ ಗಟ್ಟಿಯಾಗಿತ್ತು. ಮಾನದಂಡದಲ್ಲಿ ಅವು ಎರಡೂ ಬೇರೆ. ಹಾಗಾಗಿ 80387 ‘ಅಲ್ಲ’ ಅನ್ನುತ್ತದೆ.

ಇದು ಕುತೂಹಲದ ವಿಷಯವಾಗಿ ಮಾತ್ರ ಉಳಿಯಲಿಲ್ಲ. ಯಂತ್ರದಲ್ಲಿ ಯಾವ ಚಿಪ್ ಇದೆ ಅಂತ ಪ್ರೋಗ್ರಾಂ ಕಂಡುಹಿಡಿಯಲು ಇಂಟೆಲ್ ತಾನೇ ಕೊಟ್ಟ ಮಾದರಿ ಕೋಡ್ ಈ ಹೋಲಿಕೆಯನ್ನೇ ಬಳಸುತ್ತಿತ್ತು. ಈಗ ಯೋಚಿಸಿ: 286 ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಇಂದಿನ ಮಾನದಂಡದ ಪ್ರಕಾರ ‘ಅಲ್ಲ’ ಅಂದುಬಿಟ್ಟರೆ, ಪ್ರೋಗ್ರಾಂ ತಾನು 80387ರ (ಚಿಕ್ಕದಾಗಿ 387) ಮೇಲೆ ಇದ್ದೇನೆ ಅಂದುಕೊಳ್ಳುತ್ತದೆ. ಹಿಂದಿನ ಚಿಪ್‌ಗಳಲ್ಲಿ ಇಲ್ಲದ ಸೈನ್, ಕೊಸೈನ್ ಆಜ್ಞೆಗಳು 387ರಲ್ಲಿ ಹೊಸದಾಗಿ ಬಂದಿದ್ದವು. ಪ್ರೋಗ್ರಾಂ ಅವನ್ನು ಕರೆಯುತ್ತದೆ, ಅಲ್ಲಿಗೆ ಎಲ್ಲ ಎಡವಟ್ಟಾಗುತ್ತದೆ.

## ಕೈಪಿಡಿ ಓದಿದರೆ ಸಾಲದೆ?

ಚಿಪ್ ತಯಾರಕರು ದಪ್ಪ ಕೈಪಿಡಿಗಳನ್ನು ಕೊಡುತ್ತಿದ್ದರು. ಅದನ್ನು ಓದಿ ಹಾಗೇ ಬರೆದರೆ ಆಯಿತಲ್ಲ, ಹಳೆ ಚಿಪ್ ಯಾಕೆ ಹುಡುಕಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೈಪಿಡಿಗಳಲ್ಲಿ ಎರಡು ಕೊರತೆ ಇವೆ.

ಒಂದು, ಅವು ಕೆಲವು ಕಡೆ ಬೇಕಂತಲೇ ಸುಮ್ಮನಿರುತ್ತವೆ. 8087ರಲ್ಲಿ ಟ್ಯಾಂಜೆಂಟ್ ತೆಗೆಯುವ ಆಜ್ಞೆಗೆ ಸೊನ್ನೆಯಿಂದ ಪೈ/4ರ ತನಕದ ಕೋನವನ್ನು ಮಾತ್ರ ಕೊಡಬೇಕು. ಅದರಾಚೆ ಕೊಟ್ಟರೆ ಏನು ಬರುತ್ತದೆ ಅನ್ನುವ ಭರವಸೆ ಇಲ್ಲ. ಕೆಲವು ಆಜ್ಞೆಗಳ ನಂತರ ಸ್ಥಿತಿ ತೋರಿಸುವ ಬಿಟ್‌ಗಳಲ್ಲಿ ಏನಿರುತ್ತದೆ ಅನ್ನುವುದೂ ‘ನಿರ್ದಿಷ್ಟವಿಲ್ಲ’. ಆದರೆ ಸಿಲಿಕಾನ್ ಸುಮ್ಮನಿರಲಾರದು. ಏನೋ ಒಂದನ್ನು ಅದು ಕೊಟ್ಟೇ ಕೊಡುತ್ತದೆ. ಯಾವುದೋ ಪ್ರೋಗ್ರಾಂ ಗೊತ್ತಿಲ್ಲದೆಯೇ ಅದರ ಮೇಲೆ ನಿಂತಿರಬಹುದು.

ಎರಡು, ಕೈಪಿಡಿ ತಪ್ಪೂ ಹೇಳಬಹುದು. ಇಂಟೆಲ್ ಚಿಪ್‌ಗಳ ಸೈನ್ ಆಜ್ಞೆ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಕೋನ ಬಂದಾಗ ಚಿಪ್ ಅದರಿಂದ ಪೈಯ ಗುಣಕಗಳನ್ನು ಕಳೆದು ಚಿಕ್ಕದು ಮಾಡಿಕೊಳ್ಳುತ್ತದೆ. ಇದಕ್ಕೆ ಚಿಪ್ ಒಳಗೆ ಇಟ್ಟುಕೊಂಡ ಪೈ 66 ಬಿಟ್‌ಗಳದ್ದು. ಸಾಮಾನ್ಯ ಕೋನಗಳಿಗೆ ಅದು ಧಾರಾಳ. ಪೈಗೆ ತೀರಾ ಹತ್ತಿರದ ಕೋನಕ್ಕೆ ಸಾಲದು. ಡಬಲ್‌ನಲ್ಲಿ ಬರೆಯಬಹುದಾದ ಪೈಯ ಬೆಲೆಯನ್ನೇ ಕೊಟ್ಟು ಸೈನ್ ಕೇಳಿದರೆ ನಿಜವಾದ ಉತ್ತರ 0.000000000000000122464679914735. ಚಿಪ್ ಕೊಡುವುದು 0.000000000000000122460635382238. ಸೊನ್ನೆಗಳನ್ನು ಬಿಟ್ಟು ಎಣಿಸಿ: ಮೊದಲ ಐದು ಅಂಕಿ ದಾಟಿದ ಕೂಡಲೇ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆದರೆ ತಪ್ಪು ಅಂದರೆ ಕೊನೆಯ ಬಿಟ್‌ನಷ್ಟು ಮಾತ್ರ ಅನ್ನುವ ಮಾತು ಇಂಟೆಲ್ ದಾಖಲೆಯಲ್ಲಿ ವರ್ಷಗಟ್ಟಲೆ ಹಾಗೇ ಇತ್ತು. 2014ರಲ್ಲಿ ಈ ವಿಷಯ ಬೆಳಕಿಗೆ ಬಂದ ಮೇಲೆ ಅದನ್ನು ತಿದ್ದಲಾಯಿತು.

ಇಂದಿನ ಒಳ್ಳೆಯ ಗಣಿತ ಲೈಬ್ರರಿ ಬಳಸಿ ಸೈನ್ ತೆಗೆಯುವ ಎಮ್ಯುಲೇಟರ್ ಮೊದಲನೆಯ ಉತ್ತರ ಕೊಡುತ್ತದೆ. ಗಣಿತಕ್ಕೆ ಅದು ಸರಿ. ಎಮ್ಯುಲೇಟರ್ ಆಗಿ ಅದು ತಪ್ಪು.

## ಪರೀಕ್ಷೆ ನಡೆಯುವ ಬಗೆ

ಮೂಲ ವಿಚಾರ ಸರಳ. ಒಂದು ಪುಟ್ಟ ಪ್ರೋಗ್ರಾಂ ಬರೆಯಬೇಕು. ಅದು ಚಿಪ್‌ಗೆ ಎರಡು ಸಂಖ್ಯೆ ಕೊಟ್ಟು, ಒಂದು ಆಜ್ಞೆ ನಡೆಸಿ, ಬಂದ ಉತ್ತರವನ್ನು ಫೈಲಿಗೆ ಬರೆಯಬೇಕು. ಅದೇ ಪ್ರೋಗ್ರಾಮನ್ನು ಎಮ್ಯುಲೇಟರ್ ಒಳಗೂ ಓಡಿಸಿ, ಎರಡೂ ಫೈಲುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಷ್ಟ ಇರುವುದೆಲ್ಲ ವಿವರಗಳಲ್ಲಿ.

ಉತ್ತರವನ್ನು ದಶಮಾಂಶದಲ್ಲಿ ಪ್ರಿಂಟ್ ಮಾಡಿ ಹೋಲಿಸಬಾರದು. ದಶಮಾಂಶಕ್ಕೆ ತಿರುಗಿಸುವ ಕೆಲಸದಲ್ಲೇ ಮತ್ತೆ ರೌಂಡ್ ಆಗುತ್ತದೆ, ನಿಜವಾದ ವ್ಯತ್ಯಾಸ ಮುಚ್ಚಿಹೋಗಬಹುದು. ಬಿಟ್‌ಗಳನ್ನು ಇದ್ದ ಹಾಗೇ ಬರೆದಿಡಬೇಕು. ಉತ್ತರ ಒಂದೇ ಸಾಲದು, ಸ್ಥಿತಿಯ ಬಿಟ್‌ಗಳೂ ಬೇಕು: ಉತ್ತರ ರೌಂಡ್ ಆಯಿತೇ, ತುದಿ ದಾಟಿತೇ, ಸೊನ್ನೆಯಿಂದ ಭಾಗಿಸಿದ್ದೇ ಅನ್ನುವುದನ್ನೆಲ್ಲ ಚಿಪ್ ಅಲ್ಲಿ ಗುರುತು ಹಾಕುತ್ತದೆ. ಈ ಗುರುತುಗಳು ತಾವಾಗಿ ಅಳಿಸಿಹೋಗುವುದಿಲ್ಲ. ಹಾಗಾಗಿ ಪ್ರತಿ ಪರೀಕ್ಷೆಗೂ ಮೊದಲು ಅವನ್ನು ಅಳಿಸಬೇಕು. ಇಲ್ಲದಿದ್ದರೆ ಹಿಂದಿನ ಲೆಕ್ಕದ ಗುರುತು ಈಗಿನದಕ್ಕೆ ಅಂಟಿಕೊಳ್ಳುತ್ತದೆ.

ರೌಂಡ್ ಮಾಡುವ ನಾಲ್ಕೂ ವಿಧಗಳಲ್ಲಿ ಪರೀಕ್ಷೆ ನಡೆಯಬೇಕು. 1ನ್ನು 3ರಿಂದ ಭಾಗಿಸಿ ಡಬಲ್ ಆಗಿ ಪಡೆಯಿರಿ. ಹತ್ತಿರದ ಗೆರೆಗೆ ರೌಂಡ್ ಮಾಡಿದರೆ 16ರ ಆಧಾರದಲ್ಲಿ ಬರೆದ ಉತ್ತರ 5, 5, 5 ಅಂತ ಸಾಗಿ 5ರಲ್ಲೇ ಮುಗಿಯುತ್ತದೆ. ಮೇಲಕ್ಕೆ ರೌಂಡ್ ಮಾಡಲು ಹೇಳಿದರೆ ಕೊನೆಯ ಅಂಕಿ 6 ಆಗಬೇಕು. ಎಮ್ಯುಲೇಟರ್ ಈ ಆದೇಶವನ್ನು ಕಡೆಗಣಿಸಿದ್ದರೆ ಇಂಥ ಒಂದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಬರೆದ ಪ್ರೋಗ್ರಾಮನ್ನು ಚಿಪ್ ಭಾಷೆಗೆ ತಿರುಗಿಸುವ ಕಂಪೈಲರ್ ಕೂಡ ಮೋಸ ಮಾಡಬಹುದು. ಪ್ರೋಗ್ರಾಮಿನಲ್ಲಿ 1/3 ಅಂತ ನೇರ ಬರೆದರೆ ಜಾಣ ಕಂಪೈಲರ್ ಅದನ್ನು ತಾನೇ ಲೆಕ್ಕ ಹಾಕಿ ಉತ್ತರವನ್ನು ಇಟ್ಟುಬಿಡುತ್ತದೆ. ಆಗ ಹಳೆ ಚಿಪ್‌ಗೆ ಭಾಗಿಸುವ ಕೆಲಸವೇ ಬರುವುದಿಲ್ಲ. ಅದಕ್ಕೇ ಇಂಥ ಪರೀಕ್ಷೆಗಳ ಮುಖ್ಯ ಭಾಗವನ್ನು ಚಿಪ್ ಆಜ್ಞೆಗಳನ್ನೇ ನೇರವಾಗಿ ಬರೆಯುವ ಅಸೆಂಬ್ಲಿ ಭಾಷೆಯಲ್ಲಿ ಬರೆಯುವುದು ಒಳ್ಳೆಯದು. 8087 ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದು ಮುಖ್ಯ ಪ್ರೊಸೆಸರ್ ಜೊತೆ ಏಕಕಾಲಕ್ಕೆ ಓಡುತ್ತದೆ. ‘ಅದು ಮುಗಿಸುವ ತನಕ ಕಾಯಿ’ ಅನ್ನುವ ಆಜ್ಞೆ ಕೊಡದೆ ಮೆಮೊರಿ ಓದಿದರೆ, ಉತ್ತರ ಬರುವ ಮೊದಲೇ ಅಲ್ಲಿದ್ದ ಹಳೆಯ ಬೆಲೆ ಕೈಗೆ ಸಿಗಬಹುದು.

## ಯಾವ ಸಂಖ್ಯೆಗಳನ್ನು ಕೊಡಬೇಕು?

ಪರೀಕ್ಷೆಯ ಬುದ್ಧಿವಂತಿಕೆಯೆಲ್ಲ ಇರುವುದು ಇಲ್ಲೇ.

ಎಲ್ಲವನ್ನೂ ಪರೀಕ್ಷಿಸಿಬಿಡೋಣ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. 8087 ಸೆಕೆಂಡಿಗೆ 50 ಲಕ್ಷ ಬಡಿತಗಳ ವೇಗದಲ್ಲಿ ಓಡುತ್ತಿತ್ತು. ಒಂದು ವರ್ಗಮೂಲಕ್ಕೆ ಸುಮಾರು 180 ಬಡಿತ ಬೇಕು. ಸಂಖ್ಯೆಯನ್ನು ಒಳಗೆ ಹಾಕಿ ಹೊರಗೆ ತೆಗೆಯುವ ಕೆಲಸ ಸೇರಿದರೆ ಸೆಕೆಂಡಿಗೆ ಹೆಚ್ಚೆಂದರೆ 15,000 ಪರೀಕ್ಷೆ ಅನ್ನೋಣ. 32 ಬಿಟ್‌ಗಳ ಸಂಖ್ಯೆಗಳು ಒಟ್ಟು ಸುಮಾರು 430 ಕೋಟಿ. ಅಷ್ಟಕ್ಕೂ ವರ್ಗಮೂಲ ತೆಗೆಯಲು ಮೂರೂವರೆ ದಿನ ಹತ್ತಿರ ಬೇಕು. ಯಂತ್ರವನ್ನು ಬಿಟ್ಟು ಕಾದರೆ ಆಗುವ ಕೆಲಸ. ಆದರೆ ಕೂಡಿಸಲು ಎರಡು ಸಂಖ್ಯೆ ಬೇಕಲ್ಲ? 32 ಬಿಟ್‌ಗಳ ಎಲ್ಲ ಜೋಡಿಗಳನ್ನೂ ಅದೇ ವೇಗದಲ್ಲಿ ಪರೀಕ್ಷಿಸಲು ಬೇಕಾಗುವುದು ಸುಮಾರು ನಾಲ್ಕು ಕೋಟಿ ವರ್ಷ. 80 ಬಿಟ್‌ಗಳ ಜೋಡಿಗಳ ಮಾತು ಎತ್ತುವುದೇ ಬೇಡ.

ಹಾಗಾದರೆ ಕಣ್ಣುಮುಚ್ಚಿ ಆರಿಸಿದ ಸಂಖ್ಯೆಗಳು? ಅದರಲ್ಲೂ ಒಂದು ಗುಂಡಿ ಇದೆ. ಘಾತಕ್ಕೆ 15 ಬಿಟ್ ಇರುವುದರಿಂದ 32,768 ಬೆಲೆಗಳಿವೆ. ಎರಡು ಸಂಖ್ಯೆಗಳನ್ನು ಕೂಡಿಸಿದಾಗ ಅಂಕಿಗಳು ಒಂದರ ಮೇಲೊಂದು ಬರಬೇಕಾದರೆ ಅವುಗಳ ಘಾತಗಳ ವ್ಯತ್ಯಾಸ 64ರ ಒಳಗೆ ಇರಬೇಕು. ಕಣ್ಣುಮುಚ್ಚಿ ಆರಿಸಿದ ಜೋಡಿಗಳಲ್ಲಿ ಸಾವಿರಕ್ಕೆ ನಾಲ್ಕು ಮಾತ್ರ ಹೀಗಿರುತ್ತವೆ. ಉಳಿದ 996ರಲ್ಲಿ ಚಿಕ್ಕ ಸಂಖ್ಯೆ ದೊಡ್ಡದರ ಎದುರು ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡದೇ ಹೆಚ್ಚುಕಡಿಮೆ ಹಾಗೇ ಉತ್ತರವಾಗಿ ಬರುತ್ತದೆ. ಕೋಟಿ ಪರೀಕ್ಷೆ ಪಾಸಾಯಿತು ಅಂತ ಸಂತೋಷಪಟ್ಟರೂ ಕೂಡಿಸುವ ಕೆಲಸ ನಿಜಕ್ಕೂ ಪರೀಕ್ಷೆಗೆ ಒಳಗಾಗಿರುವುದೇ ಇಲ್ಲ.

ಇನ್ನೊಂದು ತೊಡಕು 80 ಬಿಟ್‌ಗಳ ರೂಪದ್ದೇ. ಇದರಲ್ಲಿ ಅಂಕಿಗಳ ಮೊದಲ ಬಿಟ್ಟನ್ನೂ ಬರೆದಿಡುತ್ತಾರೆ. ಸಾಮಾನ್ಯ ಸಂಖ್ಯೆಯಲ್ಲಿ ಅದು 1 ಇರಲೇಬೇಕು. ಕಣ್ಣುಮುಚ್ಚಿ ಬಿಟ್ ತುಂಬಿದರೆ ಅರ್ಧದಷ್ಟು ಸಲ ಅದು 0 ಆಗುತ್ತದೆ. ಅಂಥ ಸಂಖ್ಯೆಗಳನ್ನು 8087 ಒಪ್ಪಿಕೊಂಡು ಲೆಕ್ಕ ಮಾಡುತ್ತಿತ್ತು. 387 ಅವನ್ನು ಅಮಾನ್ಯ ಅಂತ ತಳ್ಳಿಹಾಕುತ್ತದೆ. ಆ ವ್ಯತ್ಯಾಸವನ್ನೂ ಪರೀಕ್ಷಿಸಬೇಕು ನಿಜ, ಆದರೆ ಅರ್ಧ ಸಮಯ ಅದಕ್ಕೇ ಹೋಗಬಾರದು.

ಅದಕ್ಕೆ ಅನುಭವಿಗಳು ಸಂಖ್ಯೆಗಳನ್ನು ಬೇಕೆಂದೇ ಅಂಚಿಗೆ ತಳ್ಳುತ್ತಾರೆ. ಎರಡು ಬಗೆಯ ಸೊನ್ನೆ, ಎರಡು ಅನಂತ, ಬಗೆಬಗೆಯ ನ್ಯಾನ್, ಅತಿ ಚಿಕ್ಕದು, ಅತಿ ದೊಡ್ಡದು, 1ರ ಆಚೀಚೆಯ ಗೆರೆಗಳು. ಉದ್ದಕ್ಕೆ ಸೊನ್ನೆಗಳೋ ಒಂದುಗಳೋ ಇರುವ ಬಿಟ್ ಸಾಲುಗಳು. ಉತ್ತರ ಎರಡು ಗೆರೆಗಳ ಸರಿಮಧ್ಯಕ್ಕೆ ಬೀಳುವಂಥ ಜೋಡಿಗಳು. ಬರ್ಕ್ಲಿಯಲ್ಲಿ ಜಾನ್ ಹೌಸರ್ ರೂಪಿಸಿದ ಟೆಸ್ಟ್‌ಫ್ಲೋಟ್ ಈ ರೀತಿಯ ಸಂಖ್ಯೆಗಳನ್ನು ಹುಟ್ಟಿಸುವುದರಲ್ಲಿ ಹೆಸರುವಾಸಿ. ಅದರ ಜೊತೆಗಾರ ಸಾಫ್ಟ್‌ಫ್ಲೋಟ್ ಲೆಕ್ಕವನ್ನೆಲ್ಲ ಪೂರ್ಣಸಂಖ್ಯೆಗಳಲ್ಲೇ ಮಾಡುತ್ತದೆ, ಹಾಗಾಗಿ ಅದು ಓಡುತ್ತಿರುವ ಯಂತ್ರದ ಗುಣ ಅದಕ್ಕೆ ತಗಲುವುದಿಲ್ಲ. ಬಾಕ್ಸ್ ಎಂಬ ಪಿಸಿ ಎಮ್ಯುಲೇಟರ್ ಇದನ್ನು ಬಳಸುತ್ತದೆ. ಒಂದು ಮಾತು ನೆನಪಿರಲಿ: ಈ ಎರಡೂ ಹೇಳುವುದು ಮಾನದಂಡದ ಪ್ರಕಾರ ಏನು ಬರಬೇಕು ಅಂತ. ಹಳೆಯ ಚಿಪ್ ಏನು ಕೊಡುತ್ತದೆ ಅನ್ನುವುದನ್ನು ಚಿಪ್ಪೇ ಹೇಳಬೇಕು.

## ಯಾವ ಚಿಪ್ಪನ್ನು ನಂಬಬೇಕು?

‘387’ ಅಂದರೆ ಇಂಟೆಲ್‌ದೇ ಆಗಬೇಕಿಲ್ಲ. ಸೈರಿಕ್ಸ್, ಐಐಟಿ (ಇಂಟಿಗ್ರೇಟೆಡ್ ಇನ್ಫರ್ಮೇಶನ್ ಟೆಕ್ನಾಲಜಿ) ಮುಂತಾದ ಕಂಪನಿಗಳೂ ಅದರ ಜಾಗದಲ್ಲಿ ಕೂರುವ ಚಿಪ್‌ಗಳನ್ನು ಮಾರುತ್ತಿದ್ದವು. ಸೈರಿಕ್ಸ್‌ನದು ಸೈನ್, ಲಾಗ್ ಲೆಕ್ಕಗಳಲ್ಲಿ ಇಂಟೆಲ್‌ಗಿಂತ ನಿಖರ ಅಂತ ಹೆಸರು ಪಡೆದಿತ್ತು. ಇಂಟೆಲ್‌ನೊಳಗೇ 486ರಿಂದ ಪೆಂಟಿಯಂಗೆ ಬರುವಾಗ ಸೈನ್ ಲೆಕ್ಕದ ವಿಧಾನವೇ ಬದಲಾಯಿತು. ಹಾಗಾಗಿ ಫಲಿತಾಂಶದ ಫೈಲಿನಲ್ಲಿ ಚಿಪ್‌ನ ಹೆಸರು, ತಯಾರಕ, ಮೇಲೆ ಅಚ್ಚಾಗಿರುವ ಸಂಕೇತ ಎಲ್ಲವೂ ದಾಖಲಾಗಬೇಕು.

ಚಿಪ್ಪೇ ದೋಷದ್ದಾಗಿದ್ದರೆ? 1994ರ ಪೆಂಟಿಯಂ ಪ್ರಕರಣ ಎಲ್ಲರಿಗೂ ಗೊತ್ತಿರುವಂಥದ್ದು. ಗಣಿತಜ್ಞ ಥಾಮಸ್ ನೈಸ್ಲಿ ಅದನ್ನು ಬೆಳಕಿಗೆ ತಂದರು. ಭಾಗಿಸಲು ಚಿಪ್ ನೋಡುತ್ತಿದ್ದ ಕೋಷ್ಟಕದಲ್ಲಿ ಕೆಲವು ಮನೆಗಳು ಖಾಲಿ ಉಳಿದಿದ್ದವು. 4195835ನ್ನು 3145727ರಿಂದ ಭಾಗಿಸಿದರೆ 1.333820449 ಬರಬೇಕಿತ್ತು, 1.333739068 ಬರುತ್ತಿತ್ತು. ಇಂಟೆಲ್ ಚಿಪ್‌ಗಳನ್ನು ಬದಲಿಸಿಕೊಡಬೇಕಾಗಿ ಬಂತು, ಅದಕ್ಕೆ 47.5 ಕೋಟಿ ಡಾಲರ್ ತೆಗೆದಿಟ್ಟಿತು. ಆ ಮೊದಲ ಪೆಂಟಿಯಂ ಅನ್ನೇ ಅನುಕರಿಸುವ ಎಮ್ಯುಲೇಟರ್ ಬೇಕಾದರೆ ಅದರಲ್ಲಿ ಈ ತಪ್ಪೂ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ದೋಷ ಇದೆಯೇ ಅಂತ ಪತ್ತೆಹಚ್ಚುವ ಆ ಕಾಲದ ಪ್ರೋಗ್ರಾಂಗಳೂ ಇತಿಹಾಸದ ಭಾಗವೇ ತಾನೇ.

ವಿನ್ಯಾಸದ ದೋಷ ಬೇರೆ, ಮುಪ್ಪಿನ ದೋಷ ಬೇರೆ. ಸಾಕೆಟ್ ಸಡಿಲವಾಗಿರಬಹುದು, ಚಿಪ್ ಬಿಸಿಯಾಗಿರಬಹುದು, ಮೆಮೊರಿ ಹಾಳಾಗಿರಬಹುದು. ಅದಕ್ಕೆ ಅದೇ ಪರೀಕ್ಷೆಯನ್ನು ಎರಡೆರಡು ಸಲ ನಡೆಸಬೇಕು, ಸಾಧ್ಯವಾದರೆ ಅದೇ ಮಾದರಿಯ ಎರಡನೇ ಚಿಪ್‌ನಲ್ಲೂ ನಡೆಸಬೇಕು. ಎರಡೂ ಕಡೆ ಅದೇ ವಿಚಿತ್ರ ಉತ್ತರ ಬಂದರೆ ಅದು ವಿನ್ಯಾಸದ್ದು. ಒಂದರಲ್ಲಿ ಮಾತ್ರ ಬಂದರೆ ಆ ಯಂತ್ರವನ್ನು ಮೊದಲು ಪರೀಕ್ಷಿಸಿ.

## ಉತ್ತರ ಹೊಂದದಿದ್ದರೆ ಮುಂದೇನು?

ಹಳೆ ಯಂತ್ರದ ಡಿಸ್ಕ್ ಚಿಕ್ಕದು. ಕೋಟಿಗಟ್ಟಲೆ ಉತ್ತರಗಳನ್ನು ಬರೆದಿಡಲು ಜಾಗ ಇರುವುದಿಲ್ಲ. ಅದಕ್ಕೆ ಕೆಲವು ಸಾವಿರ ಉತ್ತರಗಳಿಗೆ ಒಂದರಂತೆ, ಅವೆಲ್ಲದರಿಂದ ಲೆಕ್ಕ ಹಾಕಿದ ಪುಟ್ಟ ಗುರುತುಸಂಖ್ಯೆಯಾದ ಚೆಕ್‌ಸಮ್ ಬರೆದಿಟ್ಟರೆ ಸಾಕು. ಎಮ್ಯುಲೇಟರ್‌ನ ಚೆಕ್‌ಸಮ್ ಹೊಂದದ ಗುಂಪು ಸಿಕ್ಕಿದಾಗ ಆ ಗುಂಪನ್ನು ಮಾತ್ರ ಮತ್ತೆ ಓಡಿಸಿ, ಅರ್ಧರ್ಧ ಮಾಡುತ್ತಾ ತಪ್ಪಿದ ಒಂದೇ ಲೆಕ್ಕವನ್ನು ಹಿಡಿಯಬಹುದು.

ಹಿಡಿದ ಮೇಲೆ ಶುರುವಾಗುವುದು ಪತ್ತೇದಾರಿ. ತಪ್ಪಿರುವುದೆಲ್ಲ ಕೊನೆಯ ಬಿಟ್‌ನಲ್ಲೇ ಇದ್ದರೆ ರೌಂಡ್ ಮಾಡುವ ಕ್ರಮದ ಮೇಲೆ ಅನುಮಾನ. ಮೊದಲು 64 ಬಿಟ್‌ಗೆ, ಆಮೇಲೆ 53 ಬಿಟ್‌ಗೆ ಎರಡು ಸಲ ರೌಂಡ್ ಆದಾಗಲೂ ಹೀಗೇ ಆಗುತ್ತದೆ. ಮೊದಲ ಸಲ ಸರಿಮಧ್ಯಕ್ಕೆ ಬಂದು ನಿಂತ ಸಂಖ್ಯೆ ಎರಡನೇ ಸಲ ಆಚೆ ಬದಿಗೆ ಜಾರಿಬಿಡುತ್ತದೆ. ಡಾಲ್ಫಿನ್ ವಿಷಯದಲ್ಲಿ ಕಾರಣ ಬೇರೆಯೇ ಇತ್ತು. ವೀ ಪ್ರೊಸೆಸರ್ ಚಿಕ್ಕ ನಿಖರತೆಯ ಗುಣಾಕಾರ ಮಾಡುವಾಗ ಎರಡು ಸಂಖ್ಯೆಗಳಲ್ಲಿ ಒಂದನ್ನು ಮೊದಲೇ 25 ಬಿಟ್‌ಗೆ ಇಳಿಸಿಕೊಳ್ಳುತ್ತಿತ್ತು. ಎಮ್ಯುಲೇಟರ್ ಕೂಡ ಹಾಗೇ ಮಾಡಲು ಶುರುಮಾಡಿದ ಮೇಲೆ ಉತ್ತರಗಳು ಹೊಂದಿದವು.

ಸೈನ್, ಟ್ಯಾಂಜೆಂಟ್, ಲಾಗ್ ಮಾತ್ರ ಈ ದಾರಿಗೆ ಸುಲಭವಾಗಿ ಬಗ್ಗುವುದಿಲ್ಲ. ಉತ್ತರ ಬೇರೆ ಅಂತ ಪರೀಕ್ಷೆ ತೋರಿಸುತ್ತದೆ. ಒಳಗೆ ಯಾವ ಹೆಜ್ಜೆಗಳಲ್ಲಿ ಆ ಉತ್ತರ ಬಂತು ಅಂತ ತೋರಿಸುವುದಿಲ್ಲ. ಹೆಜ್ಜೆ ಗೊತ್ತಿಲ್ಲದೆ ಎಲ್ಲ ಕೋನಗಳಿಗೂ ಚಿಪ್‌ನ ಉತ್ತರವನ್ನೇ ಕೊಡುವುದು ಅಸಾಧ್ಯ. ಇಲ್ಲಿ ಸಹಾಯಕ್ಕೆ ಬರುವುದು ಚಿಪ್‌ನ ಮುಚ್ಚಳ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವವರ ಕೆಲಸ. ಕೆನ್ ಶಿರಿಫ್ 8087ರ ಸಿಲಿಕಾನ್ ಚಿತ್ರಗಳಿಂದ ಅದರ ಬದಲಾಗದ ಮೆಮೊರಿಯಾದ ರೋಮ್‌ನಲ್ಲಿರುವ ಸ್ಥಿರಸಂಖ್ಯೆಗಳನ್ನು ಒಂದೊಂದಾಗಿ ಓದಿ ತೆಗೆದಿದ್ದಾರೆ. ಪೈ ಜೊತೆಗೆ ಆರ್ಕ್‌ಟ್ಯಾಂಜೆಂಟ್ ಮತ್ತು ಲಾಗರಿದಂಗಳ ಸಾಲುಗಳೇ ಅಲ್ಲಿವೆ. ಕಾರ್ಡಿಕ್ ಎಂಬ ವಿಧಾನದಲ್ಲಿ ಕೋನವನ್ನು ಹಂತಹಂತವಾಗಿ ಕಳೆಯುತ್ತಾ ಹೋಗಲು ಚಿಪ್ ಇವನ್ನು ಬಳಸುತ್ತದೆ. ಈ ಸಂಖ್ಯೆಗಳು ಕೈಯಲ್ಲಿದ್ದರೆ ಎಮ್ಯುಲೇಟರ್ ಬರೆಯುವವರು ಚಿಪ್ ಇಟ್ಟ ಹೆಜ್ಜೆಗಳನ್ನೇ ಇಡಲು ಪ್ರಯತ್ನಿಸಬಹುದು. ಆ ಹೆಜ್ಜೆಗಳು ಸರಿಯೋ ಅಲ್ಲವೋ ಅಂತ ತಿಳಿಯಲು ಅಸಲಿ 8087ರಿಂದ ಬರೆದಿಟ್ಟ ಉತ್ತರಗಳ ಫೈಲೇ ಬೇಕು.